ರಾಯರ ಬಟ್ಟಲ ಯೋಗ

ರಾಯರು: ಪದ್ದೂ, ಬೈಲಕುಪ್ಪೆಯಿಂದ ಏನು ತಂದಿದೀನಿ ನೋಡೇ! ಹಾಡುವ ಬಟ್ಟಲು. ಏಳು ಲೋಹ ಸೇರಿಸಿದ್ದಂತೆ!

ಪದ್ದಮ್ಮ: ಅಂಗಡಿಯವನ ಮಾತು. ಇದು ಕಂಚು ಕಣ್ರೀ, ತಾಮ್ರ ಮತ್ತು ತವರ. ನಮ್ಮ ಪೂಜೆ ಗಂಟೆಯ ಜಾತಿ.

ರಾಯರು: ಸಾವಿರಾರು ವರ್ಷದ ಪರಂಪರೆ!

ಮಗಳು: ಅಪ್ಪಾ, 1972ರಲ್ಲಿ ‘ಟಿಬೆಟನ್ ಬೆಲ್ಸ್’ ಅಂತ ಇಂಥ ಬಟ್ಟಲುಗಳ ನಾದದ ಒಂದು ಎಲ್‌ಪಿ ರೆಕಾರ್ಡ್ ಬಂತು. ಪಶ್ಚಿಮದವರಿಗೆ ಇದರ ಹುಚ್ಚು ಹತ್ತಿದ್ದು ಆಮೇಲೆ.

ರಾಯರು: ಮನಶ್ಶಾಂತಿಗೆ ಚರಿತ್ರೆ ಯಾಕಮ್ಮಾ? (ಚರ್ಮ ಸುತ್ತಿದ ಕೋಲನ್ನು ಅಂಚಿನ ಸುತ್ತ ಗರಗರ ತಿರುಗಿಸುತ್ತಾರೆ. ಬಟ್ಟಲು ಕಟಕಟ ಅನ್ನುತ್ತದೆ.)

ಮಗಳು: ಅಂಗೈ ಮೇಲಿಟ್ಟು, ಕೋಲು ಒತ್ತಿ ಹಿಡಿದು ನಿಧಾನ ತಿರುಗಿಸಿ. ಅದು ಅಂಚಿಗೆ ಹಿಡಿದು ಜಾರಿ, ಹಿಡಿದು ಜಾರಿ ಬಟ್ಟಲನ್ನ ನಡುಗಿಸುತ್ತೆ. ನಾದ ಆರುವವರೆಗೂ ಕೇಳಿ. ಆಮೇಲೆ ಉಸಿರು ಎಣಿಸಿ, ಒಂದರಿಂದ ಹತ್ತು. ಮನಸ್ಸು ಓಡಿದರೆ ಮತ್ತೆ ಒಂದರಿಂದ.

ರಾಯರು: (ಕಣ್ಣು ಮುಚ್ಚಿ) ಒಂದು... ಎರಡು... ಪದ್ದೂ, ಗ್ಯಾಸ್ ಬುಕ್ ಮಾಡಿದ್ಯಾ?

ಪದ್ದಮ್ಮ: ಮತ್ತೆ ಒಂದರಿಂದ.

ರಾಯರು: ಒಂದು... ಎರಡು... ಮೂರು... ಪುಟ್ಟಿ, ಫೋಟೋ ತೆಗಿ, ಸ್ಟೇಟಸ್‌ಗೆ ಹಾಕೋಣ.

ಪದ್ದಮ್ಮ: ಮತ್ತೆ ಒಂದರಿಂದ!

ರಾಯರು: ಹೀಗಾದರೆ ಹತ್ತು ಮುಟ್ಟೋದು ಯಾವಾಗ?

ಪದ್ದಮ್ಮ: ಅವಸರ ಏನು? ಉಸಿರು ಪುಕ್ಕಟೆ, ಜಿಎಸ್‌ಟಿ ಬೇರೆ ಇಲ್ಲ.

ರಾಯರು: ಬಟ್ಟಲಿಗೆ ಕೊಟ್ಟ ದುಡ್ಡು ದಂಡವೇ ಹಾಗಾದ್ರೆ?

ಪದ್ದಮ್ಮ: ಛೆ, ದಿನಾ ಕೂತ್ಕೊಳ್ಳಿ. ನೀವು ಬಾಯಿ ಮುಚ್ಚಿದಷ್ಟು ಹೊತ್ತು ಧ್ಯಾನ ನಿಮ್ಮದು, ಶಾಂತಿ ನನ್ನದು.