ನಲವತ್ತನೇ ಒಂದು ಪಾಲು

ವಿಜಯಪುರದಲ್ಲಿ ಎತ್ತರಕ್ಕೆ ಬರವಿಲ್ಲ. ಗೋಳಗುಮ್ಮಟ ಉಂಟು, ಉಪಲಿ ಬುರುಜುಂಟು. ಆದರೆ ಅಲ್ಲಿಂದ ಜುಮ್ಮೆಂದು ಜಾರಿ ಬರುವ ಸೌಕರ್ಯವನ್ನು ಆದಿಲಶಾಹಿಗಳು ಮಾಡಿಡಲಿಲ್ಲ. ರೋಲರ್ ಕೋಸ್ಟರ್ ಬೇಕೆಂದರೆ ರಾತ್ರಿಯಿಡೀ ಪ್ರಯಾಣ ಮಾಡಿ ಬಿಡದಿಯ ವಂಡರ್‌ಲಾ ಮುಟ್ಟಬೇಕು. ಅದಕ್ಕಿಂತ ಮಾಳಿಗೆ ಮೇಲೆ ನಾನೇ ಒಂದು ಕಟ್ಟಿದರಾಯಿತು ಎಂದುಕೊಂಡೆ. ಉಪಲಿ ಬುರುಜಿನ ಎತ್ತರ ಸುಮಾರು 80 ಅಡಿ. ಅದರ ನಲವತ್ತನೇ ಒಂದು ಪಾಲು, ಎರಡೇ ಅಡಿ.

ಹಳಿಗೆ ಬೇಕಾದ ತಂತಿ ತಿಕೋಟಾದ ಸೋದರಮಾವನ ದ್ರಾಕ್ಷಿ ತೋಟದಿಂದ ಬಂತು. ಹಂದರ ಬಿಟ್ಟು ತಂತಿಗೆ ಬೇರೆ ಜನ್ಮವುಂಟೆಂದು ಮಾವ ನಂಬುವವರಲ್ಲ. “ಇದರ ಮ್ಯಾಲೆ ಯಾವ ಬಳ್ಳಿ ಹಬ್ಬಸ್ತಿ?” ಎಂದರು.

ಎರಡು ತಂತಿ ಸಮಾನಾಂತರ ಹಿಡಿದು, ನಡುವೆ ತುಂಡು ಕೂಡಿಸಿ ಬೆಸುಗೆ ಹಾಕಬೇಕು. ಬೆಸುಗೆ ಎಳ್ಳಿನಷ್ಟು ಉಬ್ಬಿದರೂ ಗಾಲಿ ಜಿಗಿಯುತ್ತದೆ. ಲೂಪನ್ನಂತೂ ದುಂಡಗೆ ಬಾಗಿಸುವಂತಿಲ್ಲ. ದುಂಡಗಿದ್ದರೆ ಒಳಹೋಗುವಾಗ ಕೂತವರಿಗೆ ತಮ್ಮ ತೂಕ ಆರು ಪಟ್ಟಾದಂತೆ ಅನಿಸುತ್ತದೆ. ಕೆಳಗೆ ಅಗಲ, ಮೇಲೆ ಬಿಗಿ ಇರುವ ಹನಿಯಾಕಾರದ ಲೂಪನ್ನು ಜರ್ಮನಿಯ ಎಂಜಿನಿಯರ್ ವೆರ್ನರ್ ಶ್ಟೆಂಗೆಲ್ ರೂಪಿಸಿದರು. 1976ರಲ್ಲಿ ಕ್ಯಾಲಿಫೋರ್ನಿಯಾದ ‘ರೆವಲ್ಯೂಷನ್’ ಅದರ ಮೇಲೆ ಓಡಿತು. ಮಾವನ ತಂತಿಯೂ ಅದೇ ಶಾಸ್ತ್ರಕ್ಕೆ ಬಾಗಿತು.

ಎಲ್ಲವೂ ಅಳತೆಗೆ ಇಳಿಯಿತು, ಗುರುತ್ವಾಕರ್ಷಣೆಯೊಂದನ್ನು ಬಿಟ್ಟು. ಅದು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, 80 ಅಡಿಯಿಂದ ಇಳಿದ ಬಂಡಿ ಗಂಟೆಗೆ ಸುಮಾರು 79 ಕಿ.ಮೀ. ವೇಗ ಮುಟ್ಟುತ್ತದೆ. ನನ್ನ ಎರಡಡಿಯದು ಅದೇ ನಲವತ್ತರ ಲೆಕ್ಕಕ್ಕೆ 2 ಕಿ.ಮೀ. ವೇಗದಲ್ಲಿ ಘನತೆಯಿಂದ ಬರಬೇಕಿತ್ತು, 12ರಲ್ಲಿ ಓಡುತ್ತದೆ. ದೊಡ್ಡದರ ಒಂದು ನಿಮಿಷದ ಸವಾರಿ ಇಲ್ಲಿ ಹತ್ತು ಸೆಕೆಂಡಿನೊಳಗೆ ಮುಗಿಯುತ್ತದೆ.

ಬಬಲೇಶ್ವರದಿಂದ ನೋಡಲೆಂದೇ ಬಂದ ಚಿಗವ್ವ ಸೆರಗಿನಿಂದ ಚಾಳೀಸು ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಬಂಡಿ ಹೋಗಿ ಬಂದು ನಿಂತಿತ್ತು. “ಹೂಂ, ಇನ್ನ ಬಿಡಪಾ” ಎಂದಳು.

ಕೊನೆಗೆ ಮೊಬೈಲಿನ ಸ್ಲೋ ಮೋಷನ್ ಮಾನ ಉಳಿಸಿತು. ಸೀಟಿಗೊಂದರಂತೆ ಕೂರಿಸಿದ್ದ ಒಣದ್ರಾಕ್ಷಿಗಳು ಲೂಪಿನ ನೆತ್ತಿಯಲ್ಲಿ ತಲೆಕೆಳಗಾದರೂ ಒಂದೂ ಬೀಳಲಿಲ್ಲ. ಬೆಲ್ಟಿಲ್ಲ, ಅಂಟಿಲ್ಲ, ವೇಗವೇ ಅವನ್ನು ಸೀಟಿಗೆ ಒತ್ತಿ ಹಿಡಿದಿತ್ತು. ಚಿಗವ್ವ ಬಾಯಿ ಮೇಲೆ ಕೈಯಿಟ್ಟಳು. ಮಾವ ಮಾತ್ರ ಕಣ್ಣು ಕಿರಿದು ಮಾಡಿ, “ಮಣೂಕ ಛಲೋ ಅದಾವು. ಯಾರ ಶೆಡ್ಡಿನವು?” ಎಂದರು.

ಮಾವ ಹೊರಡುವಾಗ ತಂತಿಯ ರೊಕ್ಕ ಎಷ್ಟೆಂದು ಕೇಳಿದೆ. ಮಾವ ಕೇಜಿ ಲೆಕ್ಕ ಹಾಕಿ ಹೇಳಿದರು. ನನ್ನ ಮುಖ ನೋಡಿ, “ಯಾಕ, ಇದನ್ನೂ ನಲವತ್ತರಾಗ ಒಂದು ಪಾಲು ಮಾಡ್ಲೇನು?” ಎಂದು ಕೈ ಚಾಚಿದರು.