ಕ್ಲಾಸ್ ಟೂ ರಾಯರು

ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಬ್ಲಾಕಿಗೊಬ್ಬರಂತೆ ಇಂಥ ರಾಯರು ಸಿಗುತ್ತಾರೆ. ಮೈಸೂರಿನಿಂದಲೋ ಮಂಡ್ಯದಿಂದಲೋ ಪರೀಕ್ಷೆ ಬರೆದು ದಿಲ್ಲಿಗೆ ಬಂದು, ಸೆಕ್ಷನ್ ಆಫೀಸರ್ ಆಗಿ, ಕ್ಲಾಸ್ ಟೂನಲ್ಲೇ ನಿಂತವರು. ಸರ್ಕಾರ 1970ರ ದಶಕದಲ್ಲೇ ಕ್ಲಾಸ್ ವನ್, ಕ್ಲಾಸ್ ಟೂಗಳನ್ನು ಗ್ರೂಪ್ ಎ, ಬಿ ಮಾಡಿತು. ರಾಯರ ಬಾಯಲ್ಲಿ ಮಾತ್ರ ಇನ್ನೂ ಹಳೆಯದೇ. ಆ ಬಾಯಿಗೇ ಈಗ ಕ್ಲಿಪ್ಪು.

ಉಬ್ಬುಹಲ್ಲು ಚಿಕ್ಕಂದಿನದು. ಅದು 58ಕ್ಕೆ ನೆನಪಾದದ್ದು, ನಿವೃತ್ತಿಯ ಫೋಟೋ ಚೆನ್ನಾಗಿ ಬರಲಿ ಎಂದು ಗುರುಗ್ರಾಮದ ಮಗಳು ಹಟ ಹಿಡಿದಾಗ. ರಾಯರು ನಿಯಮದಂತೆ ಮೂರು ಕಡೆ ವಿಚಾರಿಸಿದರು: ದಿಲ್ಲಿ ಗೇಟಿನ ಮೌಲಾನಾ ಆಜಾದ್ ದಂತ ಸಂಸ್ಥೆ, ಏಮ್ಸ್, ಆಮೇಲೆ ದ್ವಾರಕಾದ ಒಬ್ಬ ಪಂಜಾಬಿ ಡಾಕ್ಟರಮ್ಮ. ಆಕೆಯದು ಕಡಿಮೆ ದರವೇನಲ್ಲ. ಆದರೆ ಓದಿದ್ದು ದಾವಣಗೆರೆಯಲ್ಲಿ. “ಬಾಯಿ ತೆಗೀರಿ ಸರ್, ಉಗುಳ್ರಿ” ಎಂದದ್ದೇ ತಡ, ಟೆಂಡರ್ ಮುಗಿಯಿತು.

ನೋಡಿದವರೇ “ಕ್ಲಾಸ್ ಟೂ” ಎಂದರು. ರಾಯರ ಮುಖ ಇಳಿಯಿತು.

“ನಿಮಗೆ ಯಾರು ಹೇಳಿದ್ದು?”

ಪಾಪ, ಆಕೆ ಹೇಳಿದ್ದು ಹಲ್ಲಿನ ವಿಚಾರ. ಅಮೆರಿಕದ ಎಡ್ವರ್ಡ್ ಆಂಗಲ್ 1899ರಲ್ಲೇ ಜಗತ್ತಿನ ಬಾಯಿಗಳನ್ನೆಲ್ಲ ಮೂರು ದರ್ಜೆಗೆ ಹಂಚಿಟ್ಟಿದ್ದ. ಕೆಳಗಿನ ದವಡೆಹಲ್ಲು ಮೇಲಿನದಕ್ಕಿಂತ ಹಿಂದೆ ಬಿದ್ದರೆ ಎರಡನೆಯದು.

“ಪ್ರಮೋಷನ್ ಆಗುತ್ತೇನಮ್ಮಾ?”

“ಎರಡು ವರ್ಷ ಹಿಡಿಯುತ್ತೆ ಸರ್.”

ಸರ್ಕಾರಕ್ಕೆ ಮೂವತ್ತು ವರ್ಷದಲ್ಲಿ ಆಗದ್ದು! ಅಲ್ಲೇ ಒಪ್ಪಿದರು.

ಇಂಥ ರೋಗಿ ಸಿಗುವುದಕ್ಕೆ ವೈದ್ಯರು ಪುಣ್ಯ ಮಾಡಿರಬೇಕು. ಹಲ್ಲು ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್ ಸರಿಯುತ್ತದೆ. ಒತ್ತಿದ ಕಡೆ ಎಲುಬು ಕರಗಬೇಕು, ಎಳೆದ ಕಡೆ ಹೊಸದು ಕೂಡಬೇಕು. ಬೇರೆಯವರು ಇದನ್ನು ಕೇಳಿ ನಿಟ್ಟುಸಿರು ಬಿಡುತ್ತಾರೆ. ಕಡತಗಳ ನಡಿಗೆ ಕಂಡ ರಾಯರು “ಚುರುಕಾಗಿದೆ” ಅಂದರು. ಜಾಗ ಮಾಡಲು ಮೇಲಿನ ಎರಡು ಕಿರುದವಡೆ ಹಲ್ಲು ಕೀಳಿಸಿದ ದಿನ ಡೈರಿಯಲ್ಲಿ ‘ಎರಡು ಪೋಸ್ಟ್ ರದ್ದು’ ಎಂದು ಬರೆದುಕೊಂಡರು. ಅವರು ಸೋತದ್ದು ದೆಹಲಿ ಕರ್ನಾಟಕ ಸಂಘದ ಊಟದಲ್ಲಿ ಮಾತ್ರ. ಕೋಡುಬಳೆ ಬಂತು, ಕಚ್ಚಿದರೆ ಬ್ರಾಕೆಟ್ ಕಿತ್ತು ಬರುತ್ತದೆ. ಹೆಂಡತಿ ಅದನ್ನು ಸಾರಿನಲ್ಲಿ ನೆನೆಸಿ ಮುಂದಿಟ್ಟರು.

“ಕೋಡುಬಳೆಗೆ ಇಂಥ ಗತಿ ಬರಬಾರದು ಕಣೇ” ಎಂದು ನುಂಗಿದರು.

ನಿವೃತ್ತಿಯ ದಿನ ಬಂದರೂ ಕ್ಲಿಪ್ಪು ಬಿಚ್ಚಿರಲಿಲ್ಲ. ರಾಯರಿಗೆ ಸಿಗದ ಎಕ್ಸ್‌ಟೆನ್ಷನ್ ಅದಕ್ಕೆ ಸಿಕ್ಕಿತ್ತು. ಫೋಟೋದಲ್ಲಿ ಬಿಗಿದ ತುಟಿ, ಹೆಗಲ ತುಂಬ ಶಾಲು, ಕೈಯಲ್ಲಿ ಗೋಡೆ ಗಡಿಯಾರ.

ಕೊನೆಗೆ ತಂತಿ ಬಿಚ್ಚಿದ ಡಾಕ್ಟರಮ್ಮ ವಿವರಿಸಿದರು: ಕೋರೆಹಲ್ಲು ಕ್ಲಾಸ್ ವನ್ ಆಗಿದೆ, ಮೇಲಿನವನ್ನಷ್ಟೇ ಕಿತ್ತದ್ದರಿಂದ ದವಡೆಹಲ್ಲು ಕ್ಲಾಸ್ ಟೂನಲ್ಲೇ ಇದೆ, ಅಗಿಯಲು ತೊಂದರೆಯಿಲ್ಲ.

“ಅರ್ಥವಾಯ್ತು. ಎಂಎಸಿಪಿ” ಅಂದರು ರಾಯರು. ಹುದ್ದೆ ಕೊಡದೆ ಸಂಬಳವನ್ನಷ್ಟೇ ಏರಿಸುವ, ಕೇಂದ್ರ ಸರ್ಕಾರದ 2008ರ ಯೋಜನೆ ಅದು. ದಾವಣಗೆರೆಯಲ್ಲಿ ಇದನ್ನು ಕಲಿಸಿರಲಿಲ್ಲವಾದ್ದರಿಂದ ಆಕೆ ಸುಮ್ಮನೆ ನಕ್ಕರು.

ಬಾಗಿಲವರೆಗೆ ಹೋದ ರಾಯರು ಹಿಂತಿರುಗಿದರು.

“ಆ ಕ್ಲಾಸ್ ವನ್ ಅಂದ್ರಲ್ಲಮ್ಮಾ, ಅದನ್ನ ಲೆಟರ್‌ಹೆಡ್‌ನಲ್ಲಿ ಬರೆದು ಸೀಲ್ ಹಾಕಿಕೊಡಿ. ದವಡೆಹಲ್ಲಿನ ವಿಷಯ ಬೇಡ.”