ಗರುಡನಿಗೆ ಬರೀ ರೆಕ್ಕೆ ತಂದವನು

ಕಿನ್ನಾಳದ ಚಿತ್ರಗಾರರು 22 ಬಿಡಿಭಾಗ ಜೋಡಿಸಿ ಮರದ ಒಂದು ಗರುಡನನ್ನು ನಿಲ್ಲಿಸುತ್ತಾರೆ. ಅದೇ ಊರಲ್ಲಿ ಹುಟ್ಟಿ ಬೆಳೆದ ನಮ್ಮಣ್ಣನ ಮಗನಿಗೆ ಕಂಪ್ಯೂಟರಿನಲ್ಲಿ ಕಾಣುವ ಭಾಗ ಒಂದೇ, ಗ್ರಾಫಿಕ್ಸ್ ಕಾರ್ಡು!

ಮನೆಯಲ್ಲಿರುವ ಡೆಸ್ಕ್‌ಟಾಪಿನಲ್ಲಿ 2015ರ ಐ5-6500 ಪ್ರೊಸೆಸರ್, ಅದೇ ವರ್ಷದ ಜಿಟಿಎಕ್ಸ್ 960 ಕಾರ್ಡು, ಗರಗರ ಅನ್ನುವ ಹಾರ್ಡ್ ಡಿಸ್ಕು. ಸಾಹೇಬರ ಕಣ್ಣು ಆರ್‌ಟಿಎಕ್ಸ್ 4060 ಮೇಲೆ. "ಕಾಕಾ, ಅದೊಂದ್ ಹಾಕಿದ್ರ ರಾಕೆಟ್ ಆಗ್ತೈತಿ!"

ಆಗ್ತೈತಪ್ಪಾ, ಯಾಕಾಗವಲ್ದು. ಹಳೆಯ 960ಕ್ಕೆ 120 ವ್ಯಾಟ್ ಬೇಕಿತ್ತು, 2023ರ 4060ಕ್ಕೆ 115 ಸಾಕು; ಕೆಲಸ ಮಾತ್ರ ಎಷ್ಟೋ ಪಟ್ಟು ಹೆಚ್ಚು. ಕಾರ್ಡಿನ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಅದರ ಅಕ್ಕಪಕ್ಕದವರ ಬಗ್ಗೆ. ಐ5-6500ಕ್ಕೆ ಇರುವುದು ನಾಲ್ಕೇ ಕೋರು. ಹೊಸ ಗೇಮಿನಲ್ಲಿ ಅದು ನೂರಕ್ಕೆ ನೂರು ದುಡಿದು ಏದುಸಿರು ಬಿಡುವಾಗ, ಸಾಲ ಮಾಡಿ ತಂದ ಕಾರ್ಡು ಅರ್ಧ ಹೊತ್ತು ಸುಮ್ಮನೆ ಕೂತಿರುತ್ತದೆ. ಕಾರ್ಡು ಕೂರುವ ಬೋರ್ಡಿನ ಸ್ಲಾಟು ಹಳೆಯ ಪಿಸಿಐಇ 3.0; ಡೇಟಾ ಓಡಲು ಎಂಟು ಲೇನಿನ ದಾರಿ ಇರುವ 4060 ಅಲ್ಲಿ ಅಷ್ಟಿಷ್ಟು ಕಳೆದುಕೊಂಡು ಹೇಗೋ ಸಂಭಾಳಿಸುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ನಾಲ್ಕೇ ಲೇನಿನ ಆರ್‌ಎಕ್ಸ್ 6500 ಎಕ್ಸ್‌ಟಿ ತಂದವರು ಮಾತ್ರ ಹಳೇ ಬೋರ್ಡಿನಲ್ಲಿ ಚೆನ್ನಾಗಿ ಪಾಠ ಕಲಿತರು.

ಇನ್ನು ಎಲ್ಲಕ್ಕೂ ಕರೆಂಟು ಹಂಚುವ ಎಸ್‌ಎಂಪಿಎಸ್. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದದ್ದು. ಚೀಟಿಯ ಮೇಲೆ 450 ವ್ಯಾಟ್ ಎಂದು ದಪ್ಪಕ್ಷರ. ಕಾರ್ಡು, ಪ್ರೊಸೆಸರ್ ಎರಡೂ ಉಣ್ಣುವುದು 12 ವೋಲ್ಟಿನ ಸಾಲಿನಿಂದ. ಆ ಸಾಲಿಗೆ ಎಷ್ಟು ಆಂಪಿಯರ್ ಎಂದು ಸಣ್ಣಕ್ಷರದಲ್ಲಿ ಇರುವುದನ್ನು ಯಾರು ಓದುತ್ತಾರೆ? ಹತ್ತು ವರ್ಷದ ಕೆಪಾಸಿಟರು, ಮೇಲೆ ನಮ್ಮ ಬ್ಯಾಸಗಿ, ನಡುನಡುವೆ ಏರಿಳಿಯುವ ವೋಲ್ಟೇಜು. "ಕಾರ್ಡಿಗೆ ರೊಕ್ಕ ಐತಿ, ಎಸ್‌ಎಂಪಿಎಸ್ಸಿಗೆ ಇಲ್ಲೇನೋ?" ಅಂದರೆ, "ಅದು ಕಾಣಂಗಿಲ್ಲಲ್ಲ ಕಾಕಾ" ಅನ್ನುತ್ತಾನೆ!

ಕಾಣದೇ ಇರುವುದೇ ನಮ್ಮೂರಿನ ಕಸುಬಲ್ಲವೇ? ಹಗುರ ಮರ ಕೆತ್ತಿ, ಭಾಗಗಳನ್ನು ಕೂಡಿಸಿ, ಗೋಣಿನಾರಿನ ಚೂರಿಗೆ ಹುಣಸೆಬೀಜದ ಅಂಟು ಕಲಸಿದ ಕಿಟ್ಟ ಮೆತ್ತಿ, ಬಟ್ಟೆ ಅಂಟಿಸಿ, ಕಲ್ಲುಪುಡಿಯ ಲೇಪ ಕೊಟ್ಟು, ಆಮೇಲೆ ಬಣ್ಣ. ಇವನದು ಬಣ್ಣ ಮೊದಲು. ಅದೂ ಮಿಣಮಿಣ ಅನ್ನುವ ಲೈಟಿನ ಬಣ್ಣ.

ನನ್ನ ಮಾತು ಕೇಳುವುದಾದರೆ ಎಸ್‌ಎಂಪಿಎಸ್ಸಿಗಿಂತಲೂ ಮೊದಲ ಖರ್ಚು ಎಸ್‌ಎಸ್‌ಡಿ. ಹಾರ್ಡ್ ಡಿಸ್ಕಿನ ಮುಳ್ಳು ತಿರುಗುವ ತಟ್ಟೆಯ ಮೇಲೆ ಓಡಾಡಿ ಒಂದೊಂದು ಕಡತ ಹುಡುಕಬೇಕು. ಎಸ್‌ಎಸ್‌ಡಿಯಲ್ಲಿ ಓಡಾಡುವಂಥದ್ದು ಏನೂ ಇಲ್ಲ. ಎಂ.2 ಸ್ಲಾಟು ಇಲ್ಲದ ಬೋರ್ಡಾದರೂ ಚಿಂತೆಯಿಲ್ಲ, ಹಳೇ ಸಾಟಾ ಕೇಬಲ್ಲಿನಲ್ಲೇ ಸೆಕೆಂಡಿಗೆ 500 ಎಂಬಿ ದಾಟುತ್ತದೆ. ಸೈಬರ್‌ಪಂಕ್ 2077 ಗೇಮ್ ಮಾಡಿದವರು 2023ರಲ್ಲೇ ಹಾರ್ಡ್ ಡಿಸ್ಕಿಗೆ ಕೈಮುಗಿದರು. ಸ್ಟಾರ್‌ಫೀಲ್ಡ್ 125 ಜಿಬಿ ಜಾಗ ಕೇಳುತ್ತದೆ, ಅದೂ ಎಸ್‌ಎಸ್‌ಡಿಯಲ್ಲೇ. ವಿಂಡೋಸ್ 10 ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, 11 ಈ ಪ್ರೊಸೆಸರನ್ನು ಒಪ್ಪುವುದಿಲ್ಲ. ಅಂದಮೇಲೆ ಪ್ರೊಸೆಸರ್ ಇಂದಲ್ಲ ನಾಳೆ ಬದಲಾಗಲೇಬೇಕು, ಕಾರ್ಡಿನ ರೊಕ್ಕ ಸದ್ಯ ಹಾಗೇ ಇರಲಿ. ಬೋರ್ಡು, ಪ್ರೊಸೆಸರ್ ಬದಲಾದ ದಿನ ತಂದರಾಯಿತು. ಎಸ್‌ಎಸ್‌ಡಿ, ಎಸ್‌ಎಂಪಿಎಸ್ ಹೇಗೂ ಹೊಸ ಮನೆಗೂ ಬರುತ್ತವೆ.

ಇಷ್ಟಕ್ಕೆ ಒಪ್ಪಿದ. "ಹಂಗಾರ ಹಳೇ ಹಾರ್ಡ್ ಡಿಸ್ಕ್ ಗುಜರಿಗೆ ಹಾಕ್ಲೇನು?"

"ಬ್ಯಾಡೋ, ಅದರಾಗ ನಿಮ್ಮಕ್ಕನ ಮದುವಿ ವಿಡಿಯೋ ಐತಿ. ಎರಡನೇ ಡ್ರೈವ್ ಮಾಡಿ ಇಟ್ಗೋ."

"ಅದನ್ನ ಅಳಿಸಿದ್ರ ಇನ್ನೊಂದು ಗೇಮ್ ಹಿಡಿತಿತ್ತು ನೋಡ್ ಕಾಕಾ."

ಒಳಗೆ ರೊಟ್ಟಿ ಬಡಿಯುತ್ತಿದ್ದ ಅತ್ತಿಗೆ ಬಡಿಯುವುದನ್ನು ನಿಲ್ಲಿಸಿದರು. ನಾನು ಚಪ್ಪಲಿ ಮೆಟ್ಟಿಕೊಂಡೆ.